ಗಾಜಿನ ಮೇಲೆ ಜೋಳದ ಗಂಜಿ

ನಮ್ಮತ್ತೆ ಅಂಬವ್ವನ ಕೈಯಲ್ಲಿ ಕುಂಚವಿದ್ದಾಗ ಎದುರಿಗೆ ಯಾರು ಬಂದು ನಿಂತರೂ ಆಕೆಗೆ ಕಾಣುವುದಿಲ್ಲ. ನಾನು ಮದುವೆಯಾಗಿ ಇಳಕಲ್ಲಿಗೆ ಬಂದದ್ದು ೧೯೯೮ರಲ್ಲಿ. ಬಂದ ಮೂರನೆಯ ದಿನವೇ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಕಿ ಬಂದು, ನಸುಕಿನಲ್ಲಿ ಎದ್ದು ಚಹಾ ಮಾಡಿ ಓಣಿಗೆ ಒಯ್ದೆ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸೀರೆಯ ಹಾಸು ಎಳೆದು ಕಟ್ಟಿದ್ದರು. ಮಗ್ಗಕ್ಕೆ ಏರಬೇಕಾದ ಸಾವಿರಾರು ಎಳೆ ನೂಲು, ಅದರ ಮೇಲೆ ಅತ್ತೆಯ ಕುಂಚ.

"ಅತ್ತಿ, ಚಾ ತಂದೇನ್ರಿ."

"ದಾರಿ ಬಿಡು. ಬಿಸಲು ಏರಾಕತ್ತೈತಿ."

ನಾನು ಬಾದಾಮಿಯ ಹೈಸ್ಕೂಲು ಮಾಸ್ತರರ ಮಗಳು, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಹುಟ್ಟಿದವಳು. ಅಲ್ಲೇ ಕಟ್ಟೆಯ ಮೇಲೆ ಕೂತು ಆ ಚಹಾ ನಾನೇ ಕುಡಿದೆ. ಕುಡಿಯುತ್ತ ನೋಡಿದೆ. ತೆಳ್ಳಗಿನ ಜೋಳದ ಗಂಜಿಯಲ್ಲಿ ಕುಂಚ ಅದ್ದಿ, ಒಂದೇ ಉಸಿರಿನಲ್ಲಿ ಎಳೆಯುದ್ದಕ್ಕೂ ಸವರಿಕೊಂಡು ಹೋಗುವುದು, ಅಂಟಿಕೊಂಡ ನೂಲನ್ನು ಬಿಡಿಸುವುದು, ಮತ್ತೆ ಸವರುವುದು. ಗಂಜಿ ಕುಡಿಯದ ನೂಲು ಮಗ್ಗದಲ್ಲಿ ತಿಕ್ಕಿ ತಿಕ್ಕಿ ಹರಿದುಹೋಗುತ್ತದೆ. ಹೆಚ್ಚು ಕುಡಿದ ನೂಲು ಕಡ್ಡಿಯಾಗಿ ಮುರಿಯುತ್ತದೆ. ಇವೆರಡರ ನಡುವಿನ ಹದವೇ ಅಂಬವ್ವನ ಅನ್ನ.

ಆಕೆ ಗುಡೂರಿನ ನೇಕಾರರ ಮನೆಯ ಮಗಳು. ಗಂಜಿ ಹಚ್ಚುವುದು ನಮ್ಮ ಮಾವನ ಕಸುಬಾಗಿತ್ತು. ಆಕೆ ಕೆಳಗೆ ಕೂತು ಹರಿದ ಎಳೆ ಕೂಡಿಸುತ್ತಿದ್ದಳು. ಮಗ ರಾಜಕುಮಾರ ಒಂಬತ್ತನೇ ಇಯತ್ತೆಯಲ್ಲಿದ್ದಾಗ ಮಾವ ತೀರಿಕೊಂಡರು. ಹದಿಮೂರನೆಯ ದಿನ ಆಕೆ ಕುಂಚ ತೊಳೆದು ಬಿಸಿಲಿಗಿಟ್ಟಳಂತೆ. ಹೆಂಗಸಿನ ಕೈಗೆ ಹಾಸು ಕೊಡುವುದೋ ಬೇಡವೋ ಎಂದು ಓಣಿಯ ಗಂಡಸರು ಆರು ತಿಂಗಳು ಯೋಚನೆ ಮಾಡಿದರು. ಆಮೇಲೆ ಎದುರುಮನೆಯ ಮುತ್ತಪ್ಪನ ಅಪ್ಪ ಒಂದು ಹಾಸು ಕೊಟ್ಟ. ನಾನು ಬರುವ ಹೊತ್ತಿಗೆ ಅಂಬವ್ವ ಹಚ್ಚಿದ ಹಾಸು ಅಂದರೆ ಕಣ್ಣು ಮುಚ್ಚಿ ಮಗ್ಗಕ್ಕೆ ಏರಿಸುತ್ತಿದ್ದರು.

ಮದುವೆಯ ಮೇಲೆ ನಾನು ಊರಿನ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ೨೦೦೧ರಲ್ಲಿ ಪಿಎಚ್.ಡಿ.ಗೆ ಹೆಸರು ಹಚ್ಚಿ, ರಜೆ ಸಿಕ್ಕಾಗಲೆಲ್ಲ ಬಾಗಲಕೋಟೆಯ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ಬಸ್ಸಿನಲ್ಲಿ ಓಡಾಡತೊಡಗಿದೆ. ಅಲ್ಲಿ ನನ್ನ ಮಾರ್ಗದರ್ಶಕರು ಪ್ರೇಮಕುಮಾರ ಸರ್. ವಿಷಯ, ಬಣ್ಣದಿಂದ ನಡೆಯುವ ಸೌರಕೋಶ.

ಅದೇನೂ ದೊಡ್ಡ ಯಂತ್ರವಲ್ಲ. ಅಂಚೆ ಚೀಟಿಗಿಂತ ತುಸು ದೊಡ್ಡದಾದ ಎರಡು ಗಾಜಿನ ತುಂಡು. ಒಂದರ ಮೇಲೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯ ತೆಳು ಪದರು; ಗೋಡೆಯ ಬಿಳಿ ಪೇಂಟಿನಲ್ಲಿ ಇರುವುದೂ ಇದೇ ಪುಡಿ. ಆ ಪದರು ಬಣ್ಣ ಕುಡಿಯಬೇಕು. ನಮ್ಮ ಬಣ್ಣ ದಾಳಿಂಬೆಯ ರಸ. ಬಿಸಿಲು ಬಿದ್ದಾಗ ಬಣ್ಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ, ಬಿಳಿಪದರು ಅವನ್ನು ಗಾಜಿಗೆ ದಾಟಿಸುತ್ತದೆ, ಎರಡು ಗಾಜುಗಳ ನಡುವಿನ ಅಯೋಡಿನ್ ದ್ರಾವಣ ಬಣ್ಣಕ್ಕಾದ ಕೊರತೆಯನ್ನು ತುಂಬುತ್ತದೆ. ತಂತಿಯಲ್ಲಿ ಒಂದಿಷ್ಟು ಕರೆಂಟು ಹರಿಯುತ್ತದೆ. ಪದರಿನಲ್ಲಿ ಕಣ್ಣಿಗೆ ಕಾಣದ ತೂತುಗಳು ಎಷ್ಟು ಹೆಚ್ಚೋ ಅಷ್ಟು ಬಣ್ಣ, ಅಷ್ಟು ಕರೆಂಟು.

ಹೇಳುವುದಕ್ಕೆ ಇಷ್ಟೇ. ಮಾಡಲು ಹೋದರೆ ಪದರು ಒಣಗುವಾಗ ಬಿರಿಯುತ್ತಿತ್ತು. ಎರಡು ವರ್ಷ ನಾನು ಬಿರುಕು ಎಣಿಸುವುದರಲ್ಲೇ ಕಳೆದೆ. ಒಂದು ದಿನ ಅಂಥದೊಂದು ಗಾಜನ್ನು ಮನೆಗೆ ತಂದು ಮೇಜಿನ ಮೇಲಿಟ್ಟು ದುರುಗುಟ್ಟಿ ನೋಡುತ್ತ ಕೂತಿದ್ದೆ. ಅತ್ತೆ ಹಾದುಹೋಗುವಾಗ ಬಗ್ಗಿ ನೋಡಿದಳು.

"ಇದೇನು, ಮೈಯೆಲ್ಲಾ ಒಡದೈತಿ. ಗಂಜಿ ಹಾಕಿಲ್ಲೇನು?"

ನನಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಅದೇ ವಾರ, ಐವತ್ತು ಲೇಖನ ಓದಿ, ಕಣ್ಣು ನೋಯಿಸಿಕೊಂಡು ನಾನು ಕಂಡುಕೊಂಡದ್ದೂ ಅದನ್ನೇ. ಬಿಳಿಪುಡಿಯ ಹಿಟ್ಟಿಗೆ ಒಂದು ಪಾಲಿಮರು ಬೆರೆಸಬೇಕು. ಪಾಲಿಮರು ಅಂದರೆ ಉದ್ದ ಸರಪಳಿಯಂಥ ಅಣುಗಳ ವಸ್ತು. ಗಂಜಿಯೂ ಅದೇ ಜಾತಿ. ಒಣಗುವಾಗ ಅದು ಕಣಗಳನ್ನು ಹಿಡಿದಿಟ್ಟುಕೊಂಡು ಬಿರುಕು ಬಿಡದಂತೆ ನೋಡಿಕೊಳ್ಳುತ್ತದೆ. ಆಮೇಲೆ ಕುಲುಮೆಯಲ್ಲಿ ಕಾಯಿಸಿದಾಗ ಸುಟ್ಟು ಹೋಗುತ್ತದೆ, ಹೋದ ಜಾಗದಲ್ಲಿ ತೂತು ಉಳಿಯುತ್ತದೆ. ಕಡಿಮೆಯಾದರೆ ಬಿರುಕು, ಹೆಚ್ಚಾದರೆ ತೂತು ದೊಡ್ಡದಾಗಿ ಪದರು ಗಾಜು ಬಿಟ್ಟು ಏಳುತ್ತದೆ. ಯಾವ ಪಾಲಿಮರು ಎಷ್ಟು ಹಾಕಬೇಕು ಎನ್ನುವುದೇ ನನ್ನ ಪ್ರಬಂಧವಾಯಿತು.

ಮೊದಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಅಂಗಡಿಯ ಪಾಲಿಮರು ಹಾಕಿ ನೋಡಿದೆ, ಚೆನ್ನಾಗಿ ಬಂತು. ಅದನ್ನು ಹಾಕಿದ ಒಳ್ಳೆಯ ಕೋಶ ೧.೯ ಮಿಲಿಆಂಪ್ ಕೊಟ್ಟಿತು. ಅದರ ಜೊತೆ ಹೋಲಿಸಲು ಅಗ್ಗದ, ನಮ್ಮದೇ ನೆಲದ ಒಂದು ಪಾಲಿಮರು ಇರಲಿ ಎಂದರು ಸರ್. ಬಾಟಲಿಯ ಪಿಷ್ಟದ ಪುಡಿ ತಂದೆ. ಅದು ಗಂಟು ಗಂಟಾಯಿತು. ಕೊನೆಗೆ ಗರ್ವ ಬಿಟ್ಟು ಅತ್ತೆಯ ಮುಂದೆ ನಿಂತೆ.

"ಅತ್ತಿ, ಎಣ್ಣಿ ಗಿಣ್ಣಿ ಏನೂ ಹಾಕಬ್ಯಾಡ್ರಿ. ಬರೇ ಜ್ವಾಳದ ಹಿಟ್ಟು, ನೀರು."

"ಆತು. ಬರೇ ಹಿಟ್ಟು, ಗಂಜಿ ನೀರು," ಎಂದಳು ಆಕೆ. ನಾನು ನೋಟುಬುಕ್ಕಿನಲ್ಲಿ ಹಾಗೇ ಬರೆದುಕೊಂಡೆ.

ಆ ಗಂಜಿ ಏನು ನುಣುಪು! ನೂರು ಪಾಲು ಬಿಳಿಪುಡಿಗೆ ಐದು ಪಾಲಿನಿಂದ ಐವತ್ತರವರೆಗೆ ಆರು ಅಳತೆಗಳಲ್ಲಿ, ಅಳತೆಗೆ ಆರರಂತೆ ಮೂವತ್ತಾರು ಗಾಜು ಮಾಡಿದೆವು. ಐವತ್ತರ ಅಳತೆಯ ಆರು ಸಿಪ್ಪೆಯಾಗಿ ಎದ್ದವು, ಅದು ನಿರೀಕ್ಷೆ ಇದ್ದದ್ದೇ. ಉಳಿದವುಗಳಲ್ಲಿ ಒಂದೂ ಬಿರುಕಿಲ್ಲ. ನಾನು ಮನೆಯಲ್ಲಿ ಅದನ್ನು ಹೇಳಿದ್ದೇ ತಪ್ಪಾಯಿತು. ಎರಡು ದಿನದಲ್ಲಿ ಓಣಿಗೆಲ್ಲ ಸುದ್ದಿ: ಅಂಬವ್ವನ ಗಂಜಿಯಿಂದ ಕರೆಂಟು ಬರುತ್ತದೆ. ಲೈಟು ಹೋದ ಕೂಡಲೇ ಎದುರುಮನೆಯ ಮುತ್ತಪ್ಪ ಕೂಗುತ್ತಿದ್ದ, "ಅಂಬಕ್ಕಾ, ಎರಡ ಬೊಗಸಿ ಗಂಜಿ ಕೊಡ, ದೀಪಾ ಹಚ್ಚೂಣು!" ಅತ್ತೆ ಬೈಯುತ್ತಿದ್ದಳು, ಆದರೆ ಬೈಯುವಾಗ ಮುಖ ಅರಳುತ್ತಿತ್ತು. ಹಾಲಿನವಳಿಂದ ಹಿಡಿದು ಹುನಗುಂದದಿಂದ ಬರುವ ನೂಲಿನ ವ್ಯಾಪಾರಿಯವರೆಗೆ ಎಲ್ಲರಿಗೂ ಹೇಳಿಕೊಂಡಳು.

ಮೀಟರು ಹಚ್ಚಿ ನೋಡಿದರೆ ಕರೆಂಟು ಸೊನ್ನೆಗೆ ಹತ್ತಿರ. ಮೂವತ್ತಾರರಲ್ಲಿ ಒಂದೂ ಎಚ್ಚರವಾಗಲಿಲ್ಲ. ದಾಳಿಂಬೆ ಬದಲಿಸಿದೆ, ಅಯೋಡಿನ್ ಬದಲಿಸಿದೆ, ತಂತಿ ಬದಲಿಸಿದೆ. ಡಿಸೆಂಬರು ಮುಗಿಯಿತು. ೨೦೦೬ರ ಫೆಬ್ರುವರಿ ೨೮ರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನನ್ನ ನೋಂದಣಿ ರದ್ದು, ಐದು ವರ್ಷದ ಬಸ್ಸಿನ ಧೂಳು ಅಷ್ಟೂ ವ್ಯರ್ಥ. ಗಂಜಿಯ ಅಧ್ಯಾಯ ಇಲ್ಲದೆ ಪ್ರಬಂಧ ಇಲ್ಲ.

ಜನವರಿ ಎಂಟು, ಭಾನುವಾರ. ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ನಾನೂ ನನ್ನ ಗಂಡ ರಾಜಕುಮಾರರೂ ಊಟಕ್ಕೆ ಕೂತಿದ್ದೆವು. ಅವರು ಹುನಗುಂದದ ಪಂಚಾಯತಿ ಕಚೇರಿಯಲ್ಲಿ ಗುಮಾಸ್ತರು. ಬೆಂಕಿ ಬಿದ್ದರೂ ಮೊದಲು ಅರ್ಜಿ ಬರಲಿ ಅನ್ನುವ ಸಮಾಧಾನದ ಮನುಷ್ಯ. ನಾನು ಅವರ ಮುಂದೆ ಗೊಣಗಿದೆ:

"ಏನೋ ಲೋಹ ಸೇರೇತ್ರಿ. ಕಬ್ಬಿಣೋ ತಾಮ್ರೋ. ಒಂದ ಸಾಸಿವಿಕಾಳಿನಷ್ಟ ಇದ್ರೂ ಸಾಕು, ಎಲೆಕ್ಟ್ರಾನ್ ಹಾದ್ಯಾಗ ಸಿಕ್ಕೊಂಡ ಬಿಡ್ತಾವು. ಎಲ್ಲಿಂದ ಬಂತು ಅನ್ನೂದ ತಿಳೀವಲ್ದು."

ರೊಟ್ಟಿ ಬಡಿಯುವ ಸದ್ದು ನಿಂತಿತು.

"ಮಹಾನಂದಾ, ಮೈಲತುತ್ತದಾಗ ತಾಮ್ರ ಇರ್ತೈತೇನು?"

"ಮೈಲತುತ್ತ ಅಂದ್ರನ ತಾಮ್ರಾರಿ. ಯಾಕ?"

ಅತ್ತೆ ಎದ್ದು ಮಗ್ಗದ ಕೋಣೆಗೆ ಹೋದಳು. ಮೂಲೆಯಲ್ಲಿದ್ದ ಮಣ್ಣಿನ ಕೊಡ ತಂದು ನನ್ನ ತಾಟಿನ ಮುಂದೆ ಇಟ್ಟಳು. ಅದರೊಳಗೆ ಕೈ ಹಾಕಿ ಒಂದು ಅರಿವೆಯ ಗಂಟು ಎತ್ತಿದಳು. ಗಂಟಿನಲ್ಲಿ ಕಡಲೆಕಾಳಿನಷ್ಟು ನೀಲಿ ಹರಳು.

ಗಂಜಿಗೆ ಬೂಸಲು ಬರಬಾರದು, ನೂಲಿಗೆ ಹುಳ ಹತ್ತಬಾರದು ಎಂದು ಮಾವನ ಅಪ್ಪನ ಕಾಲದಿಂದ ಆ ಕೊಡದಲ್ಲಿ ಮೈಲುತುತ್ತದ ಗಂಟು ಇಳಿಬಿಟ್ಟಿರುತ್ತಿದ್ದರು. ಗಂಜಿ ಕುದಿಸುವುದು ಆ ನೀರಿನಲ್ಲೇ. ಅದನ್ನು ಯಾರೂ ಬೆರೆಸುವ ಸಾಮಾನು ಎಂದು ಎಣಿಸುತ್ತಿರಲಿಲ್ಲ. ಆಕೆ ಅಂದಿದ್ದ 'ಗಂಜಿ ನೀರು' ಇದೇ. ಎಂಟು ವರ್ಷ ನಾನು ದಿನಾಲೂ ಆ ಕೊಡ ನೋಡಿದ್ದೆ. ಮಡಿಗೆಂದು ಬೇರೆ ಇಟ್ಟಿದ್ದಾರೆ ಅಂದುಕೊಂಡಿದ್ದೆ. ರಸಾಯನಶಾಸ್ತ್ರ ಕಲಿಸುವವಳು ನಾನು! ಬಗ್ಗಿ ಒಂದು ಸಲ ನೋಡಲಿಲ್ಲ.

ಇದೆಲ್ಲ ಆಮೇಲೆ ಹೊಳೆದ ಮಾತು. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದದ್ದು ಬೇರೆ.

"ಸಾಲಿ ಕಲೀದವ್ರ ಮಾತ ಕಟಗೊಂಡು ನಾ ಹಾಳಾದೆ. ನನ್ನ ಐದ ವರ್ಷ ತಿಂದ್ರಿ ನೀವು."

ರಾಜಕುಮಾರ ಊಟ ಬಿಟ್ಟು ನನ್ನ ಮುಖ ನೋಡಿದರು. ಅವರು ಹಾಗೆ ನೋಡಿದ್ದು ಅದೊಂದೇ ಸಲ. ಅತ್ತೆ ಗಂಟನ್ನು ಮತ್ತೆ ಕೊಡಕ್ಕೆ ಇಳಿಸಿ, ಕೊಡವನ್ನು ಮೂಲೆಗಿಟ್ಟು, ಉಳಿದ ರೊಟ್ಟಿ ಬಡಿದು ಮುಗಿಸಿದಳು.

ಮರುದಿನ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನು ಹೊರಟರೆ, ಬಸ್ ಸ್ಟ್ಯಾಂಡಿನಲ್ಲಿ ಅತ್ತೆ ನನಗಿಂತ ಮುಂಚೆ ನಿಂತಿದ್ದಳು. ಒಂದು ಕೈಯಲ್ಲಿ ಜೋಳದ ಹಿಟ್ಟಿನ ಚೀಲ, ಇನ್ನೊಂದರಲ್ಲಿ ಕುಂಚ.

"ಎಲ್ಲಿಗ್ರಿ?"

"ನಿನ್ನ ಸಾಲಿಗೆ. ಹಾಸು ಕೆಡಿಸೇನಿ. ತಿರುಗಿ ಹಚ್ಚಬೇಕಲ್ಲ."

ಆಗ ನನಗೆ ಅರ್ಥವಾಯಿತು. ನಮ್ಮ ಓಣಿಯಲ್ಲಿ ಒಂದು ರೂಢಿ ಇದೆ. ಗಂಜಿ ಹಚ್ಚಿದವರ ಕೈಯಿಂದ ಹಾಸು ಕೆಟ್ಟರೆ ಅವರೇ ಅದನ್ನು ತೊಳೆದು ತಿರುಗಿ ಹಚ್ಚಬೇಕು, ಹಾಸಿನ ಒಡೆಯ ಇನ್ನೊಂದು ತುದಿ ಹಿಡಿಯಬೇಕು. ಮುಗಿದ ಮೇಲೆ ಒಡೆಯ ಹಾಸಿನುದ್ದಕ್ಕೂ ನಡೆದು ನೋಡಿ, ನಾಲ್ಕು ಜನರ ಎದುರು "ಒಪ್ಪಿಗಿ" ಅನ್ನಬೇಕು. ಅಲ್ಲಿಯವರೆಗೆ ಹಚ್ಚುವವರು ಬೇರೆ ಯಾರ ಹಾಸನ್ನೂ ಮುಟ್ಟುವಂತಿಲ್ಲ. ಅಂಬವ್ವನ ಕೈಯಿಂದ ಹಾಸು ಕೆಟ್ಟದ್ದೇ ಇಲ್ಲವಾದ್ದರಿಂದ ಆ ರೂಢಿಯನ್ನು ನಾನು ಬರೀ ಕೇಳಿದ್ದೆ. ಈಗ ನನ್ನ ಮೂವತ್ತಾರು ಗಾಜು ಸರಿಹೋಗುವವರೆಗೆ ಆಕೆ ಓಣಿಯ ಯಾವ ಹಾಸಿಗೂ ಕುಂಚ ತಾಗಿಸುವುದಿಲ್ಲ. ಸರಿಹೋಗದಿದ್ದರೆ ಮುಂದೆಂದೂ ಇಲ್ಲ. ಅರವತ್ತರ ಹೆಂಗಸು, ಆ ಕುಂಚದಿಂದಲೇ ಮನೆ ನಿಲ್ಲಿಸಿದವಳು. ಇದ್ದದ್ದು ಐವತ್ತು ದಿನ.

ಪ್ರಯೋಗಾಲಯದ ಬಾಗಿಲಲ್ಲೇ ಅಟೆಂಡರ್ ಖಾಸಿಂಸಾಬರು ತಡೆದರು.

"ಅವ್ವಾರ, ಚಪ್ಲಿ ಹೊರಗ. ಕುಂಚಾನೂ ಹೊರಗ. ಬಳಿ ತಗೀರಿ, ಗಾಜಿಗೆ ತಾಗ್ತಾವು."

"ತವರಮನಿ ಬಳಿ ಇವು, ತಗ್ಯಾಂಗಿಲ್ಲ. ಮ್ಯಾಲೆ ಸರಸ್ತೇನಿ. ಕುಂಚ ಯಾಕ ಬ್ಯಾಡ?"

"ಇಲ್ಲಿ ಗಾಜಿನ ಕಡ್ಡಿಲೇ ಎಳೀತಾರ್ರಿ."

"ಕಡ್ಡಿಲೇನು ಹಚ್ತೀರಿ ನೀವು? ತ್ವಾರ್ಸು ನೋಡೂಣು."

ಖಾಸಿಂಸಾಬರು ತೋರಿಸಿದರು. ಎರಡು ಅಂಚಿಗೆ ಟೇಪು ಹಚ್ಚಿ, ನಡುವೆ ಬಿಳಿ ಹಿಟ್ಟು ಇಟ್ಟು, ಗಾಜಿನ ಕಡ್ಡಿಯಿಂದ ಒಮ್ಮೆ ಎಳೆಯುವುದು. ಅತ್ತೆ ಮೂರು ಹಳೆಯ ಗಾಜಿನ ಮೇಲೆ ಕೈ ಪಳಗಿಸಿಕೊಂಡಳು. ನಾಲ್ಕನೆಯದು ನನ್ನದಕ್ಕಿಂತ ಸಮನಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಗಂಜಿಯೂ ಬೇರೆ ರೀತಿ ಆಗಬೇಕಿತ್ತು. ಹಿಟ್ಟಿನಲ್ಲೇ ಇರುವ ಉಪ್ಪಿನಂಶ ಹೋಗಲೆಂದು ಅದನ್ನು ನೆನೆಸಿ, ಸೋಸಿ, ತಳಕ್ಕೆ ಕೂತ ಹಾಲಿನಂಥ ಬಿಳುಪನ್ನು ಬಟ್ಟಿ ಇಳಿಸಿದ ನೀರಿನಲ್ಲಿ ಏಳು ಸಲ ತೊಳೆದಳು. ಆ ನೀರನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟು ಮುಖ ಹಿಂಡಿದಳು.

"ಇದಕ್ಕ ರುಚಿನ ಇಲ್ಲಲ್ಲೋ ಖಾಸಿಂಸಾಬಣ್ಣಾ."

"ರುಚಿ ಇಲ್ದಂಗ ಮಾಡಾಕ ಕರೆಂಟ ಸುಡ್ತೇವ್ರಿ ಅವ್ವಾರ."

ನಾನು ಎಂದಿನಂತೆ ಹಚ್ಚಿದ ಗಾಜುಗಳನ್ನು ಫ್ಯಾನಿನ ಕೆಳಗೆ ಸಾಲಾಗಿ ಇಟ್ಟೆ. ಅತ್ತೆ ಬಂದು ಫ್ಯಾನು ಬಂದ್ ಮಾಡಿದಳು. "ಗಾಳಿಗೆ ಒಣಗಿದ ಹಾಸು ಮ್ಯಾಲಷ್ಟ ಒಣಗಿ ಒಳಗ ಹಸಿ ಇರ್ತೈತಿ. ಮುಚ್ಚಿ ಇಡು. ತಾನs ಒಣಗ್ಲಿ." ಖಾಸಿಂಸಾಬರು ಬೋಗುಣಿ ತಂದು ಬೋರಲು ಹಾಕಿದರು. ಸರ್ ಬಂದು ನೋಡಿ, ಇದು ಪುಸ್ತಕದಲ್ಲೂ ಇದೆಯಲ್ಲ, ನೀನು ಯಾಕೆ ಮಾಡುತ್ತಿರಲಿಲ್ಲ ಎಂದು ನನ್ನನ್ನೇ ಕೇಳಿದರು. ಅವಸರ ಸರ್, ಅವಸರ.

ಆಕೆ ಎಲ್ಲದರಲ್ಲೂ ಗೆದ್ದಳು ಅಂತಲ್ಲ. ಇಪ್ಪತ್ತರ ಅಳತೆಯ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ "ಇದs ಹದ. ಇದಕ್ಕಿಂತ ಮ್ಯಾಲೆ ಹೋಗಬ್ಯಾಡ" ಎಂದು ಖಡಾಖಂಡಿತ ಹೇಳಿದ್ದಳು. ಮುಂದೆ ನೋಡಿದರೆ ಮೂವತ್ತರದ್ದೇ ಮೇಲಾಯಿತು. "ನೂಲಿಗೂ ಗಾಜಿಗೂ ಫರಕ ಇರ್ತೈತಿ ಬಿಡು," ಎಂದು ತನಗೆ ತಾನೇ ಮಾಫಿ ಕೊಟ್ಟುಕೊಂಡಳು. ಐವತ್ತರ ಅಳತೆ ಬಂದಾಗಂತೂ ಜಗಳವೇ ಆಯಿತು.

"ಕೆಡ್ತೈತಿ ಅಂತ ಗೊತ್ತಿದ್ದೂ ಹಚ್ಚೂದಾ?"

"ಹೌದ್ರಿ. ಎಲ್ಲಿಗೆ ಕೆಡ್ತೈತಿ ಅಂತ ತೋರಿಸಬೇಕ್ರಿ."

"ನನ್ನ ಕೈಲೇ ಆಗಾಂಗಿಲ್ಲವ್ವಾ. ನೀನs ಹಚ್ಚು."

ಕೊನೆಗೆ ತಾನೇ ಹಚ್ಚಿದಳು, ಮುಖ ಆಚೆ ತಿರುಗಿಸಿಕೊಂಡು. ಮುಖ ತಿರುಗಿಸಿದರೂ ಕೈ ಮಾತ್ರ ಸಮನಾಗೇ ಎಳೆಯಿತು.

ಕುಲುಮೆಯ ಕಿಂಡಿಯಿಂದ ಆಕೆ ಮೊದಲ ಸಲ ನೋಡಿದ ದಿನ ನನಗಿನ್ನೂ ನೆನಪಿದೆ. ಬಿಳಿ ಪದರು ಕಂದಾಯಿತು, ಕಪ್ಪಾಯಿತು. ಅಯ್ಯೋ, ನನ್ನ ಗಂಜಿ ಸುಟ್ಟಿತಲ್ಲ ಎಂದು ಆಕೆ ನನ್ನ ತೋಳು ಹಿಡಿದಳು. ಸುಡಬೇಕು, ಅದು ಹೋದ ಜಾಗದಲ್ಲೇ ಬಣ್ಣ ಕೂಡ್ರುವುದು ಎಂದೆ. ಆಕೆ ಮತ್ತೆ ಕಿಂಡಿಗೆ ಬಗ್ಗಿದಳು. "ನಮ್ದೂ ಹಂಗs ಅಲ್ಲ? ಸೀರಿ ಮೊದಲನೇ ಒಗತಕ್ಕ ಗಂಜಿ ಎಲ್ಲಾ ಹೋಗ್ತೈತಿ. ನೇಯೂತನಾ ಅಷ್ಟ ಅದರ ಕೆಲಸ," ಎಂದಳು. ನನ್ನ ಪ್ರಬಂಧದ ಎರಡನೆಯ ಅಧ್ಯಾಯ ನಲವತ್ತು ಪುಟ ಹೇಳುವುದು ಇಷ್ಟನ್ನೇ.

ನಾನು ಕಾಲೇಜಿಗೆ ರಜೆ ಹಾಕಿದ್ದೆ. ಹೀಗೆ ದಿನಾ ಹೋಗಿ ಬಂದೆವು. ಅಮೀನಗಡದಲ್ಲಿ ಬಸ್ಸು ನಿಂತಾಗ ಆಕೆ ಖಾಸಿಂಸಾಬರಿಗೆಂದು ಕರದಂಟು ಕೊಳ್ಳುವಳು. ಅವರು ಸಕ್ಕರೆ ಕಾಯಿಲೆ ಅನ್ನುತ್ತಲೇ ತಿನ್ನುವರು. ಆದರೆ ಆ ದಿನದ ಮಾತು ನನ್ನ ಆಕೆಯ ನಡುವೆ ಸೀಟಿನಲ್ಲಿ ಕೂತೇ ಇರುತ್ತಿತ್ತು. ನಾನು ಕ್ಷಮೆ ಕೇಳಲಿಲ್ಲ. ದಿನಾ ನಾಳೆ ಕೇಳಿದರಾಯಿತು ಅಂದುಕೊಂಡೆ.

ಇತ್ತ ಮುತ್ತಪ್ಪನ ಪೇಚಾಟ. ಮಗಳ ಮದುವೆಗೆ ಕೊಡುವ ಸೀರೆಗಳ ಹಾಸು ಅವನ ಮನೆಯಲ್ಲಿ ಗಂಜಿಗೆ ಕಾದು ಕೂತಿತ್ತು. ಬೇರೆಯವರಿಗೆ ಕೊಡು ಎಂದರೆ ಅವನು ಒಪ್ಪ. ಜನವರಿ ಕೊನೆಯ ಹೊತ್ತಿಗೆ ಸಂಜೆ ಸಂಜೆ ಬಂದು ಕಟ್ಟೆಯ ಮೇಲೆ ಕೂಡತೊಡಗಿದ.

"ಅಂಬಕ್ಕಾ, ಸೊಸಿ ಒಪ್ಪಿಗಿ ಅಂದ್ಲೋ ಇಲ್ಲೋ?"

ಅವನು ಹಾಗೆ ಕೇಳಿದ ಒಂದು ದಿನ ನಾವು ಮೂವತ್ತರ ಅಳತೆಯ ಮೊದಲ ಆರು ಕೋಶಗಳನ್ನು ಅಳೆದು ಬಂದಿದ್ದೆವು. ೦.೯ ಮಿಲಿಆಂಪ್. ಸತ್ತಿದ್ದು ಜೀವ ಹಿಡಿದಿತ್ತು, ಆದರೆ ಅಂಗಡಿಯ ಪಾಲಿಮರಿನ ಅರ್ಧ. ಅತ್ತೆಯ ಸೊರಗಿದ ಮುಖ, ಮುತ್ತಪ್ಪನ ಆತುರ ಎರಡನ್ನೂ ನೋಡಿದೆ.

"ಒಪ್ಪಿಗಿ ಮುತ್ತಪ್ಪಣ್ಣಾ. ಆತು. ನಾಳೆ ಹಾಸು ಹಾಕ್ರಿ," ಎಂದುಬಿಟ್ಟೆ.

ಅತ್ತೆ ನನ್ನ ಕಡೆ ತಿರುಗಿದಳು.

"ಎಷ್ಟ ಬಂತು ಇವತ್ತ?"

"ಅರ್ಧ ಬಂತಲ್ರಿ. ಸಾಕು."

"ಅರ್ಧಕ್ಕ ಒಪ್ಪಿಗಿನಾ? ನನ್ನ ಮ್ಯಾಲೆ ಕನಿಕರಾ ಮಾಡ್ತಿ? ಇಪ್ಪತ್ತ ವರ್ಷದಾಗ ಒಬ್ರೂ ನನಗ ಕನಿಕರದ ಒಪ್ಪಿಗಿ ಕೊಟ್ಟಿಲ್ಲ. ಬೈದ್ರ ಬೈಯವ್ವಾ, ತಡಕೋತೇನಿ. ಹಾಸಿನ ಮುಂದ ಸುಳ್ಳ ಮಾತ್ರ ಹೇಳಬ್ಯಾಡ." ಆಮೇಲೆ ಅವನತ್ತ ನೋಡಿ, "ಮುತ್ತಪ್ಪಾ, ನೀ ಮನಿಗೆ ನಡಿ," ಎಂದಳು.

ಮುತ್ತಪ್ಪ ಚಪ್ಪಲಿ ಸಿಕ್ಕಿಸಿಕೊಂಡು ಓಡಿದ. ನಾನು ಓಡುವುದಾದರೂ ಎಲ್ಲಿಗೆ? ನಿಂತಲ್ಲೇ ನಿಂತೆ. ಆಕೆ ಬೈದದ್ದಕ್ಕಿಂತ, ಬೈದದ್ದು ಸರಿಯಾಗಿತ್ತು ಎನ್ನುವುದೇ ನನಗೆ ಹೆಚ್ಚು ನೋವಾಯಿತು.

ಮರುದಿನ ಆಕೆ ಆ ಆರು ಕೋಶಗಳನ್ನು ಬಿಚ್ಚಿಸಿ, ಬಣ್ಣ ತೊಳೆಸಿ, ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಿಳಿಯಲ್ಲೇ ಹತ್ತು ಬಿಳಿ ಗುರುತಿಸುವ ಕಣ್ಣು ಅದು.

"ಇದು ಖರೆ ಬಿಳಿ ಅಲ್ಲ. ಗಂಜಿ ಇನ್ನೂ ಕುಂತೈತಿ ಒಳಗ. ಎಷ್ಟೊತ್ತು ಕಾಸಿದ್ದಿ?"

ಅರ್ಧ ಗಂಟೆ ಇಡಬೇಕಾದ ಕಡೆ ಹತ್ತು ನಿಮಿಷ ಇಟ್ಟಿದ್ದೆ. ಕರೆಂಟು ಯಾವಾಗ ಹೋಗುತ್ತದೋ ಎಂಬ ಭಯ, ದಿನಗಳು ಮುಗಿಯುತ್ತಿವೆ ಎಂಬ ಭಯ. ಜೋಳದ ಗಂಜಿಗೆ ಅಂಗಡಿಯ ಪಾಲಿಮರಿಗಿಂತ ಹೆಚ್ಚು ಹೊತ್ತು ಬೇಕು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಳಿಸಿದ್ದೆ. ಪೂರ್ತಿ ಸುಡದ ಇಂಗಾಲ ತೂತುಗಳಲ್ಲಿ ಉಳಿದು ಬಣ್ಣಕ್ಕೆ ಜಾಗ ಬಿಟ್ಟಿರಲಿಲ್ಲ.

"ಹತ್ತ ನಿಮಿಷ," ಎಂದೆ.

ಈಗ ಬೈಗುಳ ಬರುತ್ತದೆ ಎಂದು ಕಾದೆ. ನಾನಾಗಿದ್ದರೆ ಬಿಡುತ್ತಿರಲಿಲ್ಲ. ಆಕೆ ಬರೀ, "ಆ ತುದಿ ನಿನ್ನ ಕೈಯಾಗಿತ್ತು. ಸಡಲ ಬಿಡಬಾರದಿತ್ತು," ಎಂದು ಹೇಳಿ ಹೊಸ ಹಿಟ್ಟು ಅರೆಯಲು ಕೂತಳು. ಅಂದಿನಿಂದ ಕುಲುಮೆಯ ಮುಂದೆ ಸ್ಟೂಲು ಹಾಕಿಕೊಂಡು, ಗಡಿಯಾರ ನೋಡುತ್ತ ನಾನೇ ಕೂತೆ. ಒಮ್ಮೆ ಇಪ್ಪತ್ತೈದನೆಯ ನಿಮಿಷಕ್ಕೆ ಕರೆಂಟು ಹೋಯಿತು. ಬಂದ ಮೇಲೆ ಮೊದಲಿನಿಂದ ಕಾಯಿಸಿದೆ.

ಫೆಬ್ರುವರಿ ಹನ್ನೊಂದು, ಶನಿವಾರ, ಮಧ್ಯಾಹ್ನ. ಕಾಲೇಜಿನ ಮಾಳಿಗೆಯ ಮೇಲೆ ಹಳೆಯ ಚಾದರ ಹಾಸಿ ಮೂವತ್ತಾರು ಕೋಶಗಳನ್ನು ಒಂದೇ ಸಾಲಿನಲ್ಲಿ ಇಟ್ಟೆವು. ನೆತ್ತಿಯ ಮೇಲೆ ಬಿಸಿಲು. ಖಾಸಿಂಸಾಬರು ಮೀಟರಿಗೆ ಕೊಡೆ ಹಿಡಿದರು, ತಮ್ಮ ತಲೆಗೆ ಹಿಡಿಯಲಿಲ್ಲ. ಸರ್ ನೋಟುಬುಕ್ಕು ಹಿಡಿದರು. ಸಾಲಿನ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಅತ್ತೆ. ನಾನು ತಂತಿ ಹಚ್ಚಿ ಅಂಕಿ ಓದಬೇಕು, ಆಕೆ ನನ್ನ ಜೊತೆ ಒಂದೊಂದೇ ಹೆಜ್ಜೆ ಸರಿಯಬೇಕು.

ಐದರ ಅಳತೆ: ೦.೬, ೦.೭. ಹತ್ತು: ೧.೧. ಇಪ್ಪತ್ತು: ೧.೫. ಅತ್ತೆಯ ತುಟಿ ಅಲುಗಾಡುತ್ತಿತ್ತು, ದೇವರ ಹೆಸರೋ ಅಂಕಿಯೋ ಗೊತ್ತಾಗಲಿಲ್ಲ. ಮೂವತ್ತರ ಮೊದಲನೆಯದಕ್ಕೆ ತಂತಿ ಹಚ್ಚಿದೆ.

"ಒಂದು ಪಾಯಿಂಟ್ ಎಂಟು," ಎಂದೆ.

ಎರಡನೆಯದೂ ಅಷ್ಟೇ. ಮೂರನೆಯದು ೧.೭. ಆರೂ ಹಾಗೇ ನಿಂತವು. ಸರ್ ಪೆನ್ನು ಬಿಟ್ಟು ಕನ್ನಡಕ ಒರೆಸಿಕೊಂಡರು. ನಲವತ್ತರಲ್ಲಿ ಅಂಕಿ ಇಳಿಯಿತು, ಐವತ್ತರಲ್ಲಿ ಪದರು ಎದ್ದು ಅಲ್ಲಲ್ಲಿ ಬರೀ ಗಾಜು ಕಾಣುತ್ತಿತ್ತು. ಅತ್ತೆ ಅವುಗಳ ಕಡೆ ನೋಡಲಿಲ್ಲ.

"ಅಂಗಡೀದು ಎಷ್ಟಿತ್ತು?" ಎಂದು ಕೇಳಿದಳು.

"ಒಂದು ಪಾಯಿಂಟ್ ಒಂಬತ್ತು. ನಿಮ್ದು ಒಂದ ಕೂದಲೆಳಿ ಕಮ್ಮಿ ಐತ್ರಿ."

"ಖರೆ ಹೇಳಾಕತ್ತೀಯಲ್ಲ?"

"ಖರೇನ್ರಿ. ಕಮ್ಮಿ ಐತಿ. ಆದ್ರ ನನಗ ಬೇಕಾದ್ದು ಇದs. ಬಿರುಕಿಲ್ಲ, ಕಲೆಯಿಲ್ಲ, ಗಂಜಿ ಒಂದ ಕಾಳೂ ಉಳದಿಲ್ಲ. ಖಾಸಿಂಸಾಬಣ್ಣ ಅದಾರ, ಸರ್ ಅದಾರ. ಅವ್ರ ಮುಂದ ಹೇಳ್ತೇನಿ. ಈ ಹಾಸು ನನಗ ಒಪ್ಪಿಗಿ."

ಆಕೆ ಬಳೆ ಕೆಳಗೆ ಇಳಿಸಿದಳು, ಸೆರಗಿನಿಂದ ಮುಖ ಒರೆಸಿಕೊಂಡಳು. ಖಾಸಿಂಸಾಬರು ಕೊಡೆಯನ್ನು ಮೀಟರಿನಿಂದ ತೆಗೆದು ಆಕೆಯ ತಲೆಯ ಮೇಲೆ ಹಿಡಿದರು.

ನನಗೆ ತಡೆಯಲಾಗಲಿಲ್ಲ. ಐದು ವಾರ ನಾಳೆ ನಾಳೆ ಎಂದು ಇಟ್ಟುಕೊಂಡದ್ದು ಆ ಬಿಸಿಲಿನಲ್ಲಿ, ಅವರಿಬ್ಬರ ಎದುರು ಹೊರಗೆ ಬಂತು.

"ಅತ್ತಿ, ಅವತ್ತ ನಾ ಅಂದದ್ದು ತಪ್ಪು. ಕೊಡದಾಗ ಬಗ್ಗಿ ನೋಡಲಾರದಾಕಿ ನಾ. ಕುಲುಮಿ ಇಳಿಸಿದಾಕಿ ನಾ. ನಿಮ್ಮ ತಪ್ಪಿಗೆ ಮೂವತ್ತಾರು ಗಾಜು ಹಚ್ಚಿದ್ರಿ. ನನ್ನ ಮಾತಿಗೆ ನಾ ಏನ ಹಚ್ಚಲಿ? ಏನ ಮಾಡಿದ್ರ ನನಗ ಒಪ್ಪಿಗಿ ಕೊಡ್ತೀರಿ, ಹೇಳ್ರಿ."

ಅತ್ತೆ ಮೂವತ್ತಾರು ಗಾಜಿನ ಸಾಲನ್ನು ದಾಟಿ ಈ ಬದಿಗೆ ಬಂದಳು. ನನ್ನ ಕೈಯಿಂದ ತಂತಿ ಬಿಡಿಸಿ ಸರ್ ಕೈಗೆ ಕೊಟ್ಟಳು.

"ಹುಚ್ಚಿ. ಸೊಸಿ ಏನು ಹಾಸೇನು, ಒಪ್ಪಿಗಿ ಕೊಡಾಕ? ಮನಿಗೆ ನಡಿ, ಹಸದಿ."